ಸಿಮೆಂಟ್ ಕಾರ್ಖಾನೆಯ ಇಂಗಾಲವನ್ನು ನೆಲದಡಿ ಹೂಳಬಹುದೇ?

ಪ್ರಶ್ನೆ: ನಮ್ಮೂರು ಸೇಡಂ ಹತ್ತಿರ, ಸುತ್ತಲೂ ಸಿಮೆಂಟ್ ಕಾರ್ಖಾನೆಗಳು. ಚಿಮಣಿಯ ಇಂಗಾಲದ ಡೈಆಕ್ಸೈಡ್ ಹಿಡಿದು ನೆಲದೊಳಗೆ ತುಂಬುವ ತಂತ್ರಜ್ಞಾನ ಬಂದಿದೆಯಂತೆ. ಅಷ್ಟು ದುಡ್ಡು ಸುರಿಯುವ ಬದಲು ಕಾರ್ಖಾನೆಗಳನ್ನೇ ಸೌರ ವಿದ್ಯುತ್ತಿನಲ್ಲಿ ನಡೆಸಬಾರದೇ?

ಉತ್ತರ: ಬೇರೆ ಹಲವು ಉದ್ಯಮಗಳಿಗೆ ನಿಮ್ಮ ಮಾತು ಸರಿ. ಸಿಮೆಂಟಿಗೆ ಮಾತ್ರ ಅದು ಅರ್ಧ ದಾರಿಗೂ ಸಾಲದು. ನಿಮ್ಮ ಕಡೆಯ ಶಹಾಬಾದ್ ಕಲ್ಲನ್ನು ಪುಡಿ ಮಾಡಿ, ಮೇಲೆ ನಿಂಬೆರಸ ಹಿಂಡಿ ನೋಡಿ. ಸಣ್ಣಗೆ ನೊರೆ ಏಳುತ್ತದೆ. ಆ ಗುಳ್ಳೆಗಳೇ ಇಂಗಾಲದ ಡೈಆಕ್ಸೈಡ್. ಸುಣ್ಣದ ಕಲ್ಲಿನೊಳಗೆ ಅದು ಅಡಗಿಕೊಂಡೇ ಇರುತ್ತದೆ. ಗೂಡಿನಲ್ಲಿ 900 ಡಿಗ್ರಿಗೆ ಕಾಯಿಸಿದಾಗ ಒಂದು ಟನ್ ಶುದ್ಧ ಕಲ್ಲಿನಿಂದ 440 ಕಿಲೋ ಅನಿಲ ಹೊರಬರುತ್ತದೆ. ಕಲ್ಲಿದ್ದಲಿನಿಂದ ಕಾಯಿಸಿ, ಬಿಸಿಲಿನಿಂದ ಕಾಯಿಸಿ, ಈ ಲೆಕ್ಕ ಬದಲಾಗುವುದಿಲ್ಲ. ಸಿಮೆಂಟ್ ತಯಾರಿಕೆಯಲ್ಲಿ ಹೊರಬೀಳುವ ಇಂಗಾಲದಲ್ಲಿ ಸುಮಾರು ಶೇ 60ರಷ್ಟು ಹೀಗೆ ಕಲ್ಲಿನಿಂದಲೇ ಬರುವಂಥದ್ದು. ಅದಕ್ಕೇ ನಾನು ಇಂಗಾಲ ಹಿಡಿಯುವ ತಂತ್ರವನ್ನು ಸಿಮೆಂಟಿಗೆ ಒಪ್ಪುತ್ತೇನೆ, ರಾಯಚೂರಿನಂಥ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಿಗೆ ಒಪ್ಪುವುದಿಲ್ಲ. ವಿದ್ಯುತ್ತಿಗೆ ಬಿಸಿಲು, ಗಾಳಿ ಇವೆ. ಸುಣ್ಣದ ಕಲ್ಲಿಗೆ ಅಂಥ ಸಲೀಸಾದ ಬದಲಿ ಇಲ್ಲ.

ಹಿಡಿಯುವುದು ಹೇಗೆ? ಅಮೈನ್ ಎಂಬ ರಾಸಾಯನಿಕ ಬೆರೆಸಿದ ನೀರನ್ನು ಎತ್ತರದ ಗೋಪುರದ ಮೇಲಿನಿಂದ ಸುರಿಸುತ್ತಾರೆ. ಕೆಳಗಿನಿಂದ ತಣಿಸಿದ ಹೊಗೆಯನ್ನು ಬಿಡುತ್ತಾರೆ. ಅಮೈನ್ ಇಂಗಾಲದ ಡೈಆಕ್ಸೈಡನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಸುಮಾರು 120 ಡಿಗ್ರಿಗೆ ಕಾಯಿಸಿದರೆ ಬಿಟ್ಟುಕೊಡುತ್ತದೆ. ಖರ್ಚೆಲ್ಲ ಕೂತಿರುವುದು ಈ ಕಾಯಿಸುವುದರಲ್ಲೇ. ಒಂದು ಟನ್ ಅನಿಲ ಬಿಡಿಸಲು 3ರಿಂದ 4 ಗಿಗಾಜೂಲ್ ಶಾಖ ಬೇಕು. ಒಂದು ಟನ್ ಕ್ಲಿಂಕರ್, ಅಂದರೆ ಪುಡಿ ಮಾಡಿದರೆ ಸಿಮೆಂಟ್ ಆಗುವ ಸುಟ್ಟ ಉಂಡೆಗಳನ್ನು ಸುಡುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಬೇಕಾಗುತ್ತದೆ.

ನಾರ್ವೆಯ ಬ್ರೆವಿಕ್ ಎಂಬಲ್ಲಿ ಹೈಡೆಲ್‌ಬರ್ಗ್ ಮೆಟೀರಿಯಲ್ಸ್ ಕಂಪನಿಯ ಸಿಮೆಂಟ್ ಕಾರ್ಖಾನೆಯಲ್ಲಿ 2025ರ ಜೂನ್‌ನಿಂದ ಇದು ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿದೆ. ವರ್ಷಕ್ಕೆ 4 ಲಕ್ಷ ಟನ್ ಹಿಡಿಯುವ ಸಾಮರ್ಥ್ಯ, ಅಂದರೆ ಕಾರ್ಖಾನೆ ಉಗುಳುವುದರಲ್ಲಿ ಅರ್ಧ. ಅರ್ಧಕ್ಕೇ ನಿಲ್ಲಿಸಿದ್ದೇಕೆಂದರೆ, ಗೂಡಿನಿಂದ ಸುಮ್ಮನೆ ಪೋಲಾಗುತ್ತಿದ್ದ ಶಾಖ ಅಷ್ಟಕ್ಕೇ ಸಾಕಾಗುತ್ತಿತ್ತು. ಹಿಡಿದ ಅನಿಲವನ್ನು ದ್ರವವಾಗಿಸಿ ಹಡಗಿನಲ್ಲಿ ಬರ್ಗೆನ್ ಬಳಿಯ ಓಯ್ಗಾರ್ಡನ್‌ಗೆ ಒಯ್ಯುತ್ತಾರೆ. ಅಲ್ಲಿಂದ ಸುಮಾರು 100 ಕಿ.ಮೀ. ಕೊಳವೆಯಲ್ಲಿ ಸಾಗಿಸಿ, ಸಮುದ್ರತಳಕ್ಕಿಂತ 2,600 ಮೀಟರ್ ಕೆಳಗಿನ ಮರಳುಶಿಲೆಗೆ ಇಳಿಸುತ್ತಾರೆ. ಇಡೀ ಯೋಜನೆಯ ವೆಚ್ಚದ ಬಹುಪಾಲು ಭರಿಸಿದ್ದು ನಾರ್ವೆ ಸರ್ಕಾರ. ಮಾರುಕಟ್ಟೆ ತಾನಾಗಿಯೇ ಇದನ್ನು ಮಾಡಲಿಲ್ಲ, ಮಾಡುವುದೂ ಇಲ್ಲ.

ಪ್ರಶ್ನೆ: ಹೂತ ಅನಿಲ ಮತ್ತೆ ಮೇಲೆ ಬಂದರೆ ಊರವರ ಗತಿಯೇನು?

ಉತ್ತರ: ಈ ಭಯಕ್ಕೆ ಕಾರಣವಿದೆ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ. ತಗ್ಗಿನಲ್ಲಿ ನಿಂತರೆ ಉಸಿರುಗಟ್ಟಿಸುತ್ತದೆ. ಆದರೆ ಆಳದ ಶಿಲೆಯ ವಿಷಯದಲ್ಲಿ ಅನುಭವ ಧೈರ್ಯ ತುಂಬುವಂತಿದೆ. 800 ಮೀಟರ್‌ಗಿಂತ ಕೆಳಗೆ ಒತ್ತಡಕ್ಕೆ ಅನಿಲ ನೂರಾರು ಪಟ್ಟು ಕುಗ್ಗಿ ದ್ರವದಷ್ಟು ದಟ್ಟವಾಗುತ್ತದೆ, ಮೇಲಿನ ಜೇಡಿಶಿಲೆಯ ಪದರ ಅದನ್ನು ತಡೆಯುತ್ತದೆ. ನಾರ್ವೆಯ ಸ್ಲೈಪ್ನರ್ ಅನಿಲ ಕ್ಷೇತ್ರದಲ್ಲಿ 1996ರಿಂದ ಹೀಗೆ ಹೂಳುತ್ತಾ ಬಂದಿದ್ದಾರೆ. ಭೂಕಂಪನ ತರಂಗಗಳ ಮೂಲಕ ಮತ್ತೆ ಮತ್ತೆ ನೋಡಿದಾಗ ಅನಿಲ ಪದರದಡಿಯೇ ಹರಡಿರುವುದು ಕಂಡಿದೆ.

ನನ್ನ ಚಿಂತೆ ಶಿಲೆಗಿಂತ ಕೊಳವೆಯ ಬಗ್ಗೆ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಸಟಾರ್ಷಿಯಾ ಎಂಬ ಹಳ್ಳಿಯ ಬಳಿ 2020ರ ಫೆಬ್ರುವರಿಯಲ್ಲಿ ಭಾರೀ ಮಳೆಗೆ ಮಣ್ಣು ಜರುಗಿ ಇಂಥ ಕೊಳವೆ ಒಡೆಯಿತು. ಆಮ್ಲಜನಕ ಸಾಲದೆ ಕಾರುಗಳ ಎಂಜಿನ್ ನಡುದಾರಿಯಲ್ಲೇ ನಿಂತವು. ಸುಮಾರು 45 ಮಂದಿ ಆಸ್ಪತ್ರೆ ಸೇರಿದರು. ನಿಮ್ಮ ಊರಿನ ಮಗ್ಗುಲಲ್ಲಿ ಇಂಥ ಕೊಳವೆ ಹಾಕುವ ಪ್ರಸ್ತಾಪ ಎಂದಾದರೂ ಬಂದರೆ, ಸಾರ್ವಜನಿಕ ಅಹವಾಲು ಸಭೆಯಲ್ಲಿ ಮೊದಲು ಕೇಳಬೇಕಾದದ್ದು ಇಷ್ಟು: ಕೊಳವೆ ಮನೆಗಳಿಂದ ಎಷ್ಟು ದೂರ, ಒಡೆದರೆ ಎಷ್ಟು ನಿಮಿಷದಲ್ಲಿ ವಾಲ್ವ್ ಮುಚ್ಚುತ್ತದೆ, ಊರಿಗೆ ಎಚ್ಚರಿಕೆ ಕೊಡುವವರು ಯಾರು?

ಪ್ರಶ್ನೆ: ಹಿಡಿದದ್ದನ್ನು ಯೂರಿಯಾ ಗೊಬ್ಬರಕ್ಕೋ ಸೋಡಾ ಪಾನೀಯಕ್ಕೋ ಬಳಸಿದರೆ ಹೂಳುವ ಗೋಜೇ ಇಲ್ಲವಲ್ಲ?

ಉತ್ತರ: ಯೂರಿಯಾ ಹೊಲಕ್ಕೆ ಬಿದ್ದ ಕೆಲವೇ ದಿನಗಳಲ್ಲಿ, ಸೋಡಾ ಬಾಟಲಿ ತೆರೆದ ಕ್ಷಣದಲ್ಲಿ ಆ ಅನಿಲ ಮತ್ತೆ ಗಾಳಿಗೇ ಹೋಗುತ್ತದೆ. ಇದನ್ನು ಇಂಗಾಲ ಕಡಿತ ಎಂದು ಲೆಕ್ಕ ಹಾಕಬಾರದು.

ಪ್ರಶ್ನೆ: ಉತ್ತರ ಕರ್ನಾಟಕದ ಕಪ್ಪುಶಿಲೆಯಲ್ಲಿ ಇಂಗಾಲವನ್ನು ಕಲ್ಲಾಗಿಸಬಹುದು ಎಂದು ಓದಿದೆ. ನಿಜವೇ?

ಉತ್ತರ: ತತ್ವ ನಿಜ. ಐಸ್‌ಲ್ಯಾಂಡಿನ ಕಾರ್ಬ್‌ಫಿಕ್ಸ್ ಯೋಜನೆಯವರು 2012ರಲ್ಲಿ ಅನಿಲವನ್ನು ನೀರಿನಲ್ಲಿ ಕರಗಿಸಿ ಬಸಾಲ್ಟ್ ಶಿಲೆಗೆ ಇಳಿಸಿದರು. ಎರಡೇ ವರ್ಷದೊಳಗೆ ಶೇ 95ಕ್ಕಿಂತ ಹೆಚ್ಚು ಅನಿಲ ಖನಿಜವಾಗಿ ಗಟ್ಟಿಯಾಯಿತು. ಬಸಾಲ್ಟ್‌ನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ ಅದನ್ನು ಮತ್ತೆ ಕಲ್ಲಾಗಿಸುತ್ತವೆ. ಬೀದರ್, ವಿಜಯಪುರ, ಬೆಳಗಾವಿ ಕಡೆಯ ಕಪ್ಪುಶಿಲೆಯೂ ಇದೇ ಜಾತಿ.

ಆದರೆ ಮೂರು ತೊಡಕು. ನಮ್ಮದು 6.6 ಕೋಟಿ ವರ್ಷ ಹಳೆಯ ಶಿಲೆ, ಅದರ ರಂಧ್ರಗಳಲ್ಲಿ ಬಹಳಷ್ಟು ಆಗಲೇ ಜಿಯೋಲೈಟ್, ಕ್ಯಾಲ್ಸೈಟ್ ಎಂಬ ಖನಿಜಗಳಿಂದ ತುಂಬಿಹೋಗಿವೆ. ಕಲಬುರಗಿ ಡೆಕ್ಕನ್ ಬಸಾಲ್ಟ್‌ನ ಅಂಚು, ಅಲ್ಲಿ ಪದರ ತೆಳು. ಆಳ ಬೇಕೆಂದರೆ ಪಶ್ಚಿಮಕ್ಕೆ, ಮಹಾರಾಷ್ಟ್ರದ ಕೊಯ್ನಾ ಕಡೆಗೆ ಹೋಗಬೇಕು. ಅಲ್ಲೋ ಜಲಾಶಯದ ನೀರಿನ ಭಾರದೊಂದಿಗೆ ತಳುಕು ಹಾಕಿಕೊಂಡ 1967ರ ಭೂಕಂಪದ ನೆನಪಿದೆ; ಒತ್ತಡ ಹಾಕಿ ಏನನ್ನಾದರೂ ಇಳಿಸುವ ಮುನ್ನ ಹತ್ತು ಸಲ ಯೋಚಿಸಬೇಕು.

ಎಲ್ಲಕ್ಕಿಂತ ದೊಡ್ಡದು ನೀರು. ಐಸ್‌ಲ್ಯಾಂಡ್ ವಿಧಾನದಲ್ಲಿ ಒಂದು ಟನ್ ಅನಿಲಕ್ಕೆ ಸುಮಾರು 25 ಟನ್ ನೀರು ಬೇಕು. 10 ಲಕ್ಷ ಟನ್ ಹೂಳಲು ಸುಮಾರು 0.9 ಟಿಎಂಸಿ ಆಯಿತು. ಬೇಸಿಗೆಯಲ್ಲಿ ಕಾಗಿಣಾ ನದಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ಬೆರೆಸದೆ ಅನಿಲವನ್ನಷ್ಟೇ ಇಳಿಸುವ ಪ್ರಯೋಗ 2013ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸುಮಾರು 1,000 ಟನ್‌ಗೆ ಯಶಸ್ವಿಯಾಗಿದೆ. ನಮ್ಮಲ್ಲೂ ಅಂಥದ್ದೊಂದು ಸಣ್ಣ ಪ್ರಯೋಗ ನಡೆಯಬೇಕು. ಆದರೆ ಅದರ ಹೆಸರಿನಲ್ಲಿ ಈಗಲೇ ಆಗಬಹುದಾದ ಕೆಲಸ ಮುಂದಕ್ಕೆ ಹೋಗಬಾರದು.

ಆ ಕೆಲಸ ಎಲ್‌ಸಿ3 ಸಿಮೆಂಟ್. ಅರ್ಧದಷ್ಟು ಕ್ಲಿಂಕರ್ ಬದಲು ಸುಟ್ಟ ಜೇಡಿಮಣ್ಣು ಮತ್ತು ಸುಡದ ಸುಣ್ಣದ ಕಲ್ಲಿನ ಪುಡಿ ಬೆರೆಸುತ್ತಾರೆ. ಇಂಗಾಲ ಶೇ 30ರಿಂದ 40ರಷ್ಟು ಇಳಿಯುತ್ತದೆ. ಸ್ವಿಟ್ಜರ್ಲೆಂಡಿನ ಸಂಶೋಧಕರೊಂದಿಗೆ ದೆಹಲಿ, ಮದ್ರಾಸ್ ಐಐಟಿಗಳು ಇದರ ಮೇಲೆ ವರ್ಷಗಟ್ಟಲೆ ದುಡಿದಿವೆ. ಭಾರತೀಯ ಮಾನಕ ಬ್ಯೂರೋ 2023ರಲ್ಲಿ ಇದಕ್ಕೆ ಮಾನದಂಡವನ್ನೂ ಪ್ರಕಟಿಸಿದೆ. ಸರ್ಕಾರಿ ಕಟ್ಟಡ, ರಸ್ತೆ, ಕಾಲುವೆ ಕಾಮಗಾರಿಗಳ ಟೆಂಡರಿನಲ್ಲಿ ಈ ಸಿಮೆಂಟಿಗೆ ಜಾಗ ಸಿಗಬೇಕು ಎಂಬುದು ನನ್ನ ಒತ್ತಾಯ. ಅಷ್ಟಾದ ಮೇಲೂ ಕಲ್ಲಿನಿಂದ ಹೊರಬೀಳುವ ಇಂಗಾಲಕ್ಕೆ ಅಮೈನ್ ಗೋಪುರ ಕಟ್ಟೋಣ.