ಡ್ಯೂಕನ ಮನೆಯ ಹೆಣ್ಣುಮಕ್ಕಳಿಗೂ ತವರಿತ್ತೇ?

ಪ್ರಶ್ನೆ: ಇಂಗ್ಲೆಂಡಿನ ಜಾರ್ಜಿಯನ್ ಕಾಲದ ಕಥೆಗಳಿರುವ ಧಾರಾವಾಹಿಗಳನ್ನು ಸೊಸೆಯ ಜೊತೆ ಕುಳಿತು ನೋಡುತ್ತಿದ್ದೇನೆ. ಅವುಗಳಲ್ಲಿ ದೊಡ್ಡ ಮನೆತನದ ಹೆಂಗಸರಿಗೆ ನೃತ್ಯಕೂಟ, ಚಾಡಿಮಾತು, ಗಂಡು ಹುಡುಕುವುದು ಬಿಟ್ಟರೆ ಬೇರೆ ಕೆಲಸವೇ ಇದ್ದಂತಿಲ್ಲ. ಮದುವೆಯಾದ ಮೇಲೆ ಅವರು ಹೇಗೆ ಬದುಕುತ್ತಿದ್ದರು? ನಮ್ಮಲ್ಲಿರುವಂತೆ ತವರು, ಅಕ್ಕತಂಗಿ, ಗೆಳತಿ ಎಂಬ ಆಸರೆ ಅವರಿಗೂ ಇತ್ತೇ?
— ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ಧಾರಾವಾಹಿಗಳು ಸಾಮಾನ್ಯವಾಗಿ ಮದುವೆಯ ಗಂಟೆ ಬಾರಿಸುವಲ್ಲಿಗೆ ಮುಗಿದುಬಿಡುತ್ತವೆ, ತಾವು ಕೇಳಿರುವ ಕಥೆ ಶುರುವಾಗುವುದೇ ಅಲ್ಲಿಂದ. 1714ರಿಂದ 1830ರವರೆಗೆ ಒಬ್ಬರಾದ ಮೇಲೊಬ್ಬರಂತೆ ನಾಲ್ವರು ಜಾರ್ಜ್ ದೊರೆಗಳು ಆಳಿದ ಕಾಲಕ್ಕೆ ಜಾರ್ಜಿಯನ್ ಯುಗವೆಂದು ಹೆಸರು. ಆ ಕಾಲದ ಸಿರಿವಂತ ಹೆಂಗಸರ ಸಂಸಾರವನ್ನು ತಿಳಿಯಲು ರಿಚ್ಮಂಡಿನ ಎರಡನೆಯ ಡ್ಯೂಕನ ಹೆಣ್ಣುಮಕ್ಕಳಾದ ಲೆನಾಕ್ಸ್ ಸಹೋದರಿಯರನ್ನು ನೋಡಿದರೆ ಸಾಕು, ಏಕೆಂದರೆ ಅವರು ಬದುಕಿಡೀ ಒಬ್ಬರಿಗೊಬ್ಬರು ಬರೆದುಕೊಂಡ ಕಾಗದಗಳು ರಾಶಿಗಟ್ಟಲೆ ಉಳಿದುಬಂದಿವೆ.

ಹಿರಿಯವಳು ಕ್ಯಾರೊಲಿನ್. ಅವಳು 1744ರಲ್ಲಿ ಹೆನ್ರಿ ಫಾಕ್ಸ್ ಎಂಬ ರಾಜಕಾರಣಿಯನ್ನು ಗುಟ್ಟಾಗಿ ಮದುವೆಯಾದ ಸಿಟ್ಟಿಗೆ ತಂದೆತಾಯಿ ಕೆಲವು ವರ್ಷ ಅವಳ ಮುಖ ನೋಡಲಿಲ್ಲ. ಎರಡನೆಯವಳಾದ ಎಮಿಲಿ ಹದಿನೈದು ತುಂಬಿದ್ದಾಗಲೇ, 1747ರಲ್ಲಿ, ಮುಂದೆ ಡ್ಯೂಕ್ ಪದವಿಗೇರಿದ ಐರ್ಲೆಂಡಿನ ಪ್ರಭು ಕಿಲ್ಡೇರ್ ಅರ್ಲ್‌ನನ್ನು ಮದುವೆಯಾಗಿ ಕಡಲು ದಾಟಿದಳು. 1750–51ರಲ್ಲಿ ತಂದೆತಾಯಿ ಬೆನ್ನುಬೆನ್ನಿಗೆ ತೀರಿಕೊಂಡಾಗ ಲೂಯಿಸಾ, ಸಾರಾ ಮತ್ತು ಸಿಸಿಲಿಯಾ ಇನ್ನೂ ಎಳೆಯ ಮಕ್ಕಳು. ಅವರನ್ನು ಕರೆದೊಯ್ದು ತನ್ನ ಮಕ್ಕಳ ಜೊತೆಗೇ ಸಾಕಿದವಳು ಎಮಿಲಿ. ಅಕ್ಕನ ಮನೆಯಾದ ಕಾರ್ಟನ್ ಬಂಗಲೆಯೇ ಆ ತಂಗಿಯರ ತವರಾಯಿತು. ಲೂಯಿಸಾಳನ್ನು ಹದಿನೈದರ ಪ್ರಾಯದಲ್ಲಿ ಮದುವೆ ಮಾಡಿಕೊಟ್ಟದ್ದೂ ಅದೇ ಕಿಲ್ಡೇರ್ ಸೀಮೆಯಲ್ಲಿದ್ದ ಕ್ಯಾಸಲ್‌ಟೌನ್ ಬಂಗಲೆಗೆ. ಮಗಳನ್ನು ಕೂಗಳತೆಯಲ್ಲೇ ಕೊಡಬೇಕೆಂದು ಬಯಸುವ ನಮ್ಮ ತಾಯಂದಿರಿಗೆ ಈ ಸಂಬಂಧ ಮೆಚ್ಚಿಕೆಯಾದೀತು.

ಎಮಿಲಿ ಮೊದಲ ಗಂಡನಿಂದ ಹೆತ್ತದ್ದು ಹತ್ತೊಂಬತ್ತು ಮಕ್ಕಳನ್ನು. ಅವನು 1773ರಲ್ಲಿ ತೀರಿಕೊಂಡ ಮರುವರ್ಷ ಮಕ್ಕಳಿಗೆ ಪಾಠ ಹೇಳುತ್ತಿದ್ದ ವಿಲಿಯಂ ಒಗಿಲ್ವಿಯನ್ನೇ ಮದುವೆಯಾಗಿ ಮತ್ತೆ ಮೂವರನ್ನು ಹೆತ್ತಳು. ಡ್ಯೂಕನ ವಿಧವೆ ಮನೆಮೇಷ್ಟ್ರನ್ನು ಕೈಹಿಡಿದದ್ದು ಊರಿಗೆಲ್ಲ ಆಡಿಕೊಳ್ಳುವ ಮಾತಾಯಿತೆಂದು ಬೇರೆ ಹೇಳಬೇಕಾಗಿಲ್ಲ. ಇಪ್ಪತ್ತೆರಡು ಹೆರಿಗೆಗಳೆಂದರೆ ಪ್ರಾಯದ ಬಹುಭಾಗ ಬಸಿರು ಬಾಣಂತನದಲ್ಲೇ ಕಳೆಯಿತೆಂದು ಅರ್ಥ, ಮತ್ತು ಹುಟ್ಟಿದವರಲ್ಲಿ ಹಲವರು ಎಳವೆಯಲ್ಲೇ ಹೋದರು. ಅಲ್ಲಿಯ ಬಾಣಂತನವೂ ನಮಗೆ ತೀರಾ ಅಪರಿಚಿತವಾದುದಲ್ಲ. ತಿಂಗಳೊಪ್ಪತ್ತು ಹೊರಗೆ ಕಾಲಿಡುವಂತಿರಲಿಲ್ಲ. ಗಾಳಿ ಬೆಳಕು ಸೋಕದಂತೆ ಪರದೆ ಎಳೆದ ಕೋಣೆ, ಸುತ್ತ ಬಂಧುಬಳಗದ ಹೆಂಗಸರು. ಓಟ್ಸ್ ಗಂಜಿಗೆ ದ್ರಾಕ್ಷಾರಸವನ್ನೋ ಬಿಯರನ್ನೋ ಬೆರೆಸಿ, ಸಕ್ಕರೆ, ಮಸಾಲೆ ಹಾಕಿ ಕಾಯಿಸಿದ ಕಾಡಲ್ ಎಂಬ ಬಿಸಿ ಪಾನಕವನ್ನು ಬಾಣಂತಿಗೂ ನೋಡಲು ಬಂದವರಿಗೂ ಕೊಡುತ್ತಿದ್ದರು. ಬಾಣಂತಿಗೆ ಮದ್ಯವೇ ಎಂದು ನಮ್ಮ ಅಜ್ಜಿಯರು ಹುಬ್ಬೇರಿಸುತ್ತಿದ್ದರೇನೋ. ಆದರೆ ಕೋಣೆ, ಬಿಸಿ, ಖಾರ ಇವಿಷ್ಟನ್ನು ಅವರು ಖಂಡಿತ ಒಪ್ಪುತ್ತಿದ್ದರು.

ಇನ್ನು ಗೆಳೆತನದ ಮಾತು. ಸಾರಾ ಲೆನಾಕ್ಸಳ ಆಪ್ತಗೆಳತಿ ಸೂಸನ್ ಫಾಕ್ಸ್ ಸ್ಟ್ರಾಂಗ್‌ವೇಸ್, ಕ್ಯಾರೊಲಿನಳ ಗಂಡನ ಅಣ್ಣನ ಮಗಳು. ಯುವರಾಜನಾಗಿದ್ದಾಗಿನಿಂದಲೇ ಸಾರಾಳಿಗೆ ಮನಸೋತಿದ್ದ ಮೂರನೆಯ ಜಾರ್ಜ್ 1761ರಲ್ಲಿ ಜರ್ಮನಿಯ ರಾಜಕುಮಾರಿಯನ್ನು ಮದುವೆಯಾದಾಗ, ಸಾರಾಳೇ ಮದುಮಗಳ ಸಖಿಯರಲ್ಲಿ ಒಬ್ಬಳಾಗಿ ಹಿಂದೆ ನಡೆಯಬೇಕಾಯಿತು. ಆ ದಿನಗಳ ಆಸೆ ನಿರಾಸೆಗಳನ್ನೆಲ್ಲ ಅವಳು ಕಾಗದದಲ್ಲಿ ತೋಡಿಕೊಂಡದ್ದು ಸೂಸನಳಲ್ಲಿ. 1764ರಲ್ಲಿ ಸೂಸನ್ ವಿಲಿಯಂ ಓಬ್ರಿಯನ್ ಎಂಬ ನಾಟಕದ ನಟನೊಡನೆ ಓಡಿಹೋಗಿ ಮದುವೆಯಾದಳು; ಅರ್ಲ್ ಮನೆತನಕ್ಕೆ ಮುಖ ಎತ್ತಿ ತಿರುಗಲಾಗದಂತಾಗಿ ದಂಪತಿಯನ್ನು ನ್ಯೂಯಾರ್ಕಿಗೆ ಸಾಗಹಾಕಿದರು. ಸಾರಾ ಬರೆಯುವುದನ್ನು ಬಿಡಲಿಲ್ಲ. ಐದು ವರ್ಷ ಕಳೆಯುವಷ್ಟರಲ್ಲಿ ಕಳಂಕದ ಸರದಿ ಸಾರಾಳದಾಯಿತು: ಗಂಡ ಬನ್‌ಬರಿಯನ್ನು ತೊರೆದು, ಬೇರೊಬ್ಬನಿಂದ ಪಡೆದ ಕೂಸನ್ನು ಎತ್ತಿಕೊಂಡು ಹೊರಬಿದ್ದಳು, ಕೆಲವೇ ತಿಂಗಳಲ್ಲಿ ಆ ಪ್ರಿಯಕರನನ್ನೂ ಬಿಟ್ಟು ಅಣ್ಣನ ಆಸರೆಗೆ ಬಂದು, ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಬದುಕಿದಳು. ಆಗ ಕಾಗದದ ತುದಿಯಲ್ಲಿ ಗಟ್ಟಿಯಾಗಿ ನಿಂತವಳು ಸೂಸನ್. ಪತ್ರವ್ಯವಹಾರ ಇಬ್ಬರೂ ಮುದುಕಿಯರಾಗುವವರೆಗೆ ನಡೆಯಿತು. ನೃತ್ಯಕೂಟದ ಗೆಳೆತನವನ್ನಷ್ಟೇ ತೋರಿಸುವವರು ಈ ಅರ್ಧ ಶತಮಾನವನ್ನು ಬಿಟ್ಟುಬಿಡುತ್ತಾರೆಂಬುದೇ ನನ್ನ ತಕರಾರು.

ಆ ಕಾಗದಗಳ ರೂಪವನ್ನೂ ಕೊಂಚ ಹೇಳಬೇಕು. ಅಂಚೆಯ ಹಣವನ್ನು ಸಾಮಾನ್ಯವಾಗಿ ಪತ್ರ ಪಡೆದವರೇ ತೆರಬೇಕಿತ್ತು, ಹಾಳೆ ಹೆಚ್ಚಿದಂತೆ ದರವೂ ಏರುತ್ತಿತ್ತು. ಆದ್ದರಿಂದ ಲಕೋಟೆಯ ಗೊಡವೆಯಿಲ್ಲದೆ ಹಾಳೆಯನ್ನೇ ಮಡಿಸಿ, ಅರಗಿನ ಮುದ್ರೆ ಒತ್ತಿ, ಬೆನ್ನ ಮೇಲೆ ವಿಳಾಸ ಬರೆಯುತ್ತಿದ್ದರು. ಜಾಗ ಸಾಲದಿದ್ದರೆ ತುಂಬಿದ ಹಾಳೆಯನ್ನೇ ಅಡ್ಡ ತಿರುಗಿಸಿ ಹಳೆಯ ಸಾಲುಗಳ ಮೇಲೆ ಮತ್ತೆ ಬರೆಯುವುದೂ ಇತ್ತು. ನೀಲಿ ಇನ್‌ಲ್ಯಾಂಡ್ ಪತ್ರದ ಮಡಿಕೆಯ ಅಂಚಿನಲ್ಲೂ ನಾಲ್ಕು ಸಾಲು ತುರುಕುತ್ತಿದ್ದ ನನ್ನ ತಾಯಿಯನ್ನು ಕಂಡ ನನಗೆ ಇದು ವಿಚಿತ್ರವೆನಿಸುವುದಿಲ್ಲ. ಪ್ರಭುಗಳಿಗೂ ಪಾರ್ಲಿಮೆಂಟಿನ ಸದಸ್ಯರಿಗೂ ಮಾತ್ರ ಅಂಚೆ ಉಚಿತ. 1764ರವರೆಗೆ ಪತ್ರದ ಹೊರಗೆ ಅವರ ಕೈಬರಹದ ಹೆಸರಿದ್ದರೆ ಸಾಕಿತ್ತು, ಆಮೇಲೆ ವಿಳಾಸವನ್ನೂ ಅವರೇ ಬರೆಯಬೇಕಾಯಿತು. ಗಂಡನಿಂದಲೋ ಅಣ್ಣನಿಂದಲೋ ಆ ಸಹಿ ಹಾಕಿಸಿಕೊಂಡು ಕಾಸು ಉಳಿಸುವ ಜಾಣತನ ಡ್ಯೂಕರ ಮಡದಿಯರಾದ ಡಚೆಸ್‌ಗಳಿಗೂ ಇತ್ತು. ಬಂದ ಕಾಗದವನ್ನು ಮನೆಮಂದಿಯೆದುರು ಗಟ್ಟಿಯಾಗಿ ಓದುವ ವಾಡಿಕೆಯಿದ್ದುದರಿಂದ ಗುಟ್ಟಿನ ಸಂಗತಿಯನ್ನು ಬೇರೆ ಚೀಟಿಯಲ್ಲಿ ಬರೆದು ಒಳಗಿಡುತ್ತಿದ್ದರು.

ಪ್ರಶ್ನೆ: ಅಷ್ಟು ಸಿರಿವಂತರಾಗಿದ್ದ ಆ ಹೆಂಗಸರಿಗೆ ಆಸ್ತಿಯ ಮೇಲೆ, ಮಕ್ಕಳ ಮೇಲೆ ಹಕ್ಕಿರಲಿಲ್ಲವೆಂದು ಓದಿದೆ. ನಿಜವೇ?
— ವಕೀಲರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ಬಹುಮಟ್ಟಿಗೆ ನಿಜ. ಇಂಗ್ಲಿಷ್ ಕಾಯಿದೆಯ ಕಣ್ಣಿನಲ್ಲಿ ಮದುವೆಯಾದವಳು ಗಂಡನೊಳಗೆ ಅಡಗಿದವಳು. ಹಣವಂತರು ಮದುವೆಗೆ ಮುಂಚೆಯೇ ಕರಾರುಪತ್ರ ಬರೆಸಿ, ಅವಳ ಕೈಖರ್ಚಿಗೂ ವಿಧವೆಯಾದರೆ ಜೀವನಾಂಶಕ್ಕೂ ವ್ಯವಸ್ಥೆ ಮಾಡುತ್ತಿದ್ದರೆಂಬುದಷ್ಟೇ ಸಮಾಧಾನ. ಮಕ್ಕಳು ಮಾತ್ರ ತಂದೆಯ ಸ್ವತ್ತು. ತಾಯಿ ಎಳೆಯ ಮಕ್ಕಳಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಲು ಅವಕಾಶವಾದದ್ದು 1839ರ ಕಾಯಿದೆಯಿಂದ.

ಡೆವನ್‌ಶೈರಿನ ಡಚೆಸ್ ಜಾರ್ಜಿಯಾನಾಳ ಪಾಡನ್ನೇ ನೋಡಿ. 1784ರ ವೆಸ್ಟ್‌ಮಿನ್‌ಸ್ಟರ್ ಚುನಾವಣೆಯಲ್ಲಿ ಕ್ಯಾರೊಲಿನಳ ಮಗ ಚಾರ್ಲ್ಸ್ ಜೇಮ್ಸ್ ಫಾಕ್ಸ್ ಪರವಾಗಿ ಬೀದಿಗಿಳಿದು ಮತ ಕೇಳಿದ ಗಟ್ಟಿಗಿತ್ತಿ ಆಕೆ. ಚಾರ್ಲ್ಸ್ ಗ್ರೇ ಎಂಬ ಪ್ರಿಯಕರನಿಂದ ಬಸಿರಾದಾಗ ಮಾತ್ರ, ಅವನನ್ನು ಬಿಡದಿದ್ದರೆ ತನ್ನ ಮೂವರು ಮಕ್ಕಳ ಮುಖ ನೋಡುವಂತಿಲ್ಲವೆಂಬ ಗಂಡನ ಮಾತಿಗೆ ತಲೆಬಾಗಬೇಕಾಯಿತು. 1792ರಲ್ಲಿ ಫ್ರಾನ್ಸಿನಲ್ಲಿ ಹೆತ್ತ ಹೆಣ್ಣುಕೂಸನ್ನು ಗ್ರೇ ಮನೆಯವರಿಗೆ ಒಪ್ಪಿಸಿದಳು. ಆ ಪರದೇಶವಾಸದಲ್ಲಿ ಜೊತೆಗಿದ್ದವರು ತಾಯಿ, ಕಾಯಿಲೆಯ ತಂಗಿ ಹ್ಯಾರಿಯೆಟ್ ಮತ್ತು ಗೆಳತಿ ಎಲಿಜಬೆತ್ ಫಾಸ್ಟರ್. ಈ ಗೆಳತಿಯೇ ಡ್ಯೂಕನ ಪ್ರೇಯಸಿಯೂ ಆಗಿದ್ದಳು, ಜಾರ್ಜಿಯಾನಾ ಸತ್ತ ಮೂರು ವರ್ಷಕ್ಕೆ ಅವನ ಹೆಂಡತಿಯೂ ಆದಳು. ಇದನ್ನು ಗೆಳೆತನವೆನ್ನಬೇಕೇ ಸವತಿತನವೆನ್ನಬೇಕೇ ಎಂದರೆ, ಎರಡೂ ಹೌದೆಂದೇ ನಾನು ತಿಳಿಯುತ್ತೇನೆ.

ಪ್ರಶ್ನೆ: ಅಂಥ ಹೆಂಗಸರು ಯಾರಾದರೂ ಆ ಕಾಲದಲ್ಲಿ ನಮ್ಮ ಬೆಂಗಳೂರಿಗೆ ಬಂದಿದ್ದರೇ?
— ಪಿಯುಸಿ ವಿದ್ಯಾರ್ಥಿನಿ, ಚಾಮರಾಜಪೇಟೆ, ಬೆಂಗಳೂರು

ಉತ್ತರ: ಬಂದಿದ್ದರು. ಪ್ಲಾಸಿ ಕದನದ ರಾಬರ್ಟ್ ಕ್ಲೈವ್‌ನ ಸೊಸೆ ಹೆನ್ರಿಯೆಟಾ ಕ್ಲೈವ್, ವೇಲ್ಸಿನ ಪೋವಿಸ್ ಅರ್ಲ್ ಮನೆತನದ ಮಗಳು. ಗಂಡ ಎಡ್ವರ್ಡ್ ಮದರಾಸಿನ ಗವರ್ನರ್ ಆಗಿದ್ದಾಗ, ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ, ಅಂದರೆ 1800ರಲ್ಲಿ, ಅವನನ್ನು ಕಛೇರಿ ಕೆಲಸಕ್ಕೆ ಬಿಟ್ಟು ಇಬ್ಬರು ಹೆಣ್ಣುಮಕ್ಕಳನ್ನೂ ಅವರಿಗೆ ಪಾಠ ಹೇಳುತ್ತಿದ್ದ ಇಟಲಿಯ ಚಿತ್ರಕಾರ್ತಿ ಆನಾ ಟೊನೆಲ್ಲಿಯನ್ನೂ ಕರೆದುಕೊಂಡು ಬೆಂಗಳೂರು, ಶ್ರೀರಂಗಪಟ್ಟಣಗಳ ದಾರಿ ಹಿಡಿದಳು. ದಾರಿಯುದ್ದಕ್ಕೂ ಗಿಡಮರ, ಕಲ್ಲು ಖನಿಜಗಳನ್ನು ಸಂಗ್ರಹಿಸುವ ಗೀಳು ಅವಳಿಗೆ. ಕಿರಿಮಗಳು ಷಾರ್ಲಟ್ ನಿಮಗಿಂತ ಚಿಕ್ಕವಳು, 1787ರಲ್ಲಿ ಹುಟ್ಟಿದವಳು. ಆ ಪ್ರಯಾಣದ ದಿನಚರಿ ಬರೆದಿಟ್ಟಳು. ಮುಂದೆ ನಾರ್ಥಂಬರ್ಲೆಂಡಿನ ಡಚೆಸ್ ಆಗಿ, ರಾಣಿಯಾಗುವ ಮುಂಚಿನ ವಿಕ್ಟೋರಿಯಾಳ ಶಿಕ್ಷಣದ ಹೊಣೆ ಹೊತ್ತದ್ದು ಇದೇ ಹುಡುಗಿ.

ಮೈಸೂರು ಸೀಮೆಯ ದಾರಿಯಿಂದ ಹೆನ್ರಿಯೆಟಾ ಗಂಡನಿಗೆ ಮಾತ್ರವಲ್ಲದೆ ಇಂಗ್ಲೆಂಡಿನಲ್ಲಿದ್ದ ತವರಿನ ಒಡಹುಟ್ಟಿದವನಿಗೂ ಕಾಗದ ಬರೆಯುತ್ತಿದ್ದಳು. ಮದರಾಸಿನಲ್ಲಿ ಹಡಗು ಹತ್ತಿದ ಅವು ಆಫ್ರಿಕಾದ ತುದಿ ಸುತ್ತಿ ಅವನ ಕೈ ಸೇರಲು ತಿಂಗಳುಗಳೇ ಹಿಡಿಯುತ್ತಿದ್ದವು.