ಹಾಲೆ ಕಷಾಯ, ತಿಮರೆ ತಂಬುಳಿ, ಮೂರನೇ ದಿನದ ಜ್ವರ

ಆಟಿ, ಅಂದರೆ ತುಳುವರ ಮಳೆಗಾಲದ ತಿಂಗಳು, ಹತ್ತಿರ ಬಂದ ಹಾಗೆ ನನಗೆ ಬರುವ ಓದುಗರ ಪತ್ರಗಳ ವಿಷಯವೂ ಬದಲಾಗುತ್ತದೆ. ಹಪ್ಪಳ, ಸೆಂಡಿಗೆ, ಮಾವಿನ ಮಿಡಿ ಎಲ್ಲ ಮುಗಿದು ಈಗ ಬರೀ ಕಷಾಯ, ಸೊಪ್ಪು, ಜ್ವರ. ಹೊಸ ಓದುಗರಿಗೆ ಒಂದು ಮಾತು: ನಾನು ಡಾಕ್ಟರಲ್ಲ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಕಲ್ಯಾಣಪುರದಲ್ಲಿ ಮನೆ, ಹಿತ್ತಿಲಲ್ಲಿ ಬಸಳೆ ಚಪ್ಪರ. ಅಡುಗೆಯೂ ಗೊತ್ತು, ಅಡುಗೆಮನೆ ಔಷಧಿಯಲ್ಲಿ ಗುಣವಾಗದೆ ತಡವಾಗಿ ವಾರ್ಡಿಗೆ ಬಂದವರನ್ನೂ ನೋಡಿದ್ದೇನೆ. ನನ್ನ ಉತ್ತರಗಳಲ್ಲಿ ಎರಡೂ ಇರುತ್ತವೆ, ಬೇಜಾರು ಮಾಡಿಕೊಳ್ಳಬೇಡಿ.

ಮದುವೆಯಾಗಿ ದಾವಣಗೆರೆಯಿಂದ ಬಂದವಳು ನಾನು. ಈ ಸಲ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಕುಡಿಯುವ ಕಷಾಯಕ್ಕೆ ಹಾಲೆ ಮರದ ಕೆತ್ತೆ (ತೊಗಟೆ) ತಾನೇ ತರುತ್ತೇನೆ ಎಂದು ಗಂಡ ಹೊರಟಿದ್ದಾರೆ. ಅತ್ತೆ ತೀರಿಕೊಂಡ ಮೇಲೆ ಹೇಳಿಕೊಡುವವರು ಮನೆಯಲ್ಲಿ ಯಾರೂ ಇಲ್ಲ. ಕಷಾಯ ಮಾಡುವುದು ಹೇಗೆ? ಮಕ್ಕಳಿಗೆ ಎಷ್ಟು ಕೊಡಬೇಕು?
ಓದುಗರು, ಕಾಪು

ಮಾಡುವುದು ಆಮೇಲೆ. ಮೊದಲು ಮರ.

ನಮ್ಮ ಕಡೆ ಗಂಡಸರಿಗೆ ಸೂರ್ಯ ಹುಟ್ಟುವ ಮೊದಲೇ ಗುಡ್ಡೆ ಹತ್ತುವ ಉತ್ಸಾಹ ಜಾಸ್ತಿ, ಮರ ನೋಡುವ ತಾಳ್ಮೆ ಕಡಿಮೆ. ಕತ್ತಲಲ್ಲಿ, ಮಳೆಯಲ್ಲಿ, ಟಾರ್ಚ್ ಹಿಡಿದು ಹೋಗಿ ಹಾಲೆ ಎಂದುಕೊಂಡು ಕಾಸರಕನ ಕೆತ್ತೆ ಜಜ್ಜಿ ತಂದರೆ ಹಬ್ಬ ಅಲ್ಲಿಗೇ ಮುಗಿಯಿತು. ಕಾಸರಕದಲ್ಲಿ, ಅಂದರೆ ತುಳುವಿನ ಕಾಯೆರ್ ಮರದಲ್ಲಿ, ಸ್ಟ್ರಿಕ್ನಿನ್ ಎಂಬ ವಿಷ ಉಂಟು. ಹೊಟ್ಟೆಗೆ ಹೋದ ಅರ್ಧ ಗಂಟೆಯ ಸುಮಾರಿಗೆ ಮೈ ಸೆಟೆಯಲು ಶುರುವಾಗುತ್ತದೆ. ರೋಗಿಗೆ ಎಚ್ಚರ ಪೂರ್ತಿ ಇರುತ್ತದೆ, ಉಸಿರಾಡುವ ಸ್ನಾಯುಗಳು ಮಾತ್ರ ಬಿಗಿದುಕೊಳ್ಳುತ್ತವೆ. ಅದಕ್ಕೆಂದೇ ಇರುವ ಪ್ರತಿವಿಷ ಯಾವುದೂ ಇಲ್ಲ. ಎರಡೂ ಕಹಿ, ಆದ್ದರಿಂದ ನಾಲಿಗೆಯನ್ನು ನಂಬುವ ಹಾಗೂ ಇಲ್ಲ.

ಗುರುತು ಹಿಡಿಯುವುದು ಎಲೆಯಿಂದ. ಹಾಲೆಯಲ್ಲಿ ಒಂದೇ ಗಂಟಿನಿಂದ ಸುತ್ತಲೂ ಎಲೆ ಹೊರಡುತ್ತದೆ, ಹೆಚ್ಚಾಗಿ ಏಳು, ಕೆಲವೊಮ್ಮೆ ಐದೋ ಆರೋ. ನಡುನರದಿಂದ ಎರಡೂ ಕಡೆಗೆ ಒತ್ತೊತ್ತಾಗಿ ಸಣ್ಣ ಗೆರೆಗಳು. ಕಾಸರಕದ ಎಲೆಗಳು ಎರಡೆರಡಾಗಿ ಎದುರುಬದುರು ಕೂತಿರುತ್ತವೆ, ಅಗಲ, ಮೇಲೆ ಮಿನುಗು, ತೊಟ್ಟಿನ ಬುಡದಿಂದಲೇ ಮೂರೋ ಐದೋ ದಪ್ಪ ನರ. ಹಾಲೆಯ ತೊಗಟೆ ಗೀರಿದರೆ ಬಿಳಿ ಹಾಲು ಒಸರುತ್ತದೆ, ಕಾಸರಕಕ್ಕೆ ಹಾಲಿಲ್ಲ. ಆದರೆ ಹಾಲು ಬಂದದ್ದೆಲ್ಲ ಹಾಲೆ ಎಂದೂ ತಿಳಿಯಬೇಡಿ, ದೇವಕಣಗಿಲೆಗೂ ಹಾಲು ಬರುತ್ತದೆ. ಎಲೆ ಮತ್ತು ಹಾಲು ಎರಡೂ ತಾಳೆಯಾಗಬೇಕು. ನಮ್ಮ ಮನೆಯಲ್ಲಿ ಹಿಂದಿನ ದಿನ ಹಗಲಿನಲ್ಲೇ ಹೋಗಿ ಮರ ನೋಡಿ, ಕಾಂಡಕ್ಕೆ ಬಳ್ಳಿ ಕಟ್ಟಿ ಬರುವುದು. ನಿಮ್ಮವರಿಗೂ ಅದನ್ನೇ ಹೇಳಿ. ಗುರುತು ಹೇಳಬಲ್ಲ ಹಿರಿಯರು ಜೊತೆಗೆ ಇಲ್ಲದಿದ್ದರೆ ಈ ವರ್ಷ ಮೆಂತೆ ಗಂಜಿ ಮಾತ್ರ ಉಂಡು ಅಮಾವಾಸ್ಯೆ ಮಾಡಿ. ಯಾವ ದೈವವೂ ಮುನಿಯುವುದಿಲ್ಲ.

ಮರ ಖಾತ್ರಿಯಾಯಿತು ಎಂದಿಟ್ಟುಕೊಳ್ಳೋಣ. ಕತ್ತಿ ತಾಗಿಸದೆ ಕಲ್ಲಿನಲ್ಲೇ ಜಜ್ಜಿ ಕೆತ್ತೆ ತೆಗೆಯುವುದು ಪದ್ಧತಿ. ಹೊರಗಿನ ಒರಟು ಪದರ ಕೆರೆದು, ಒಳಗಿನದನ್ನು ಕಾಳುಮೆಣಸು, ಬೆಳ್ಳುಳ್ಳಿ, ಓಮದ ಜೊತೆ ಅರೆದು ಬಟ್ಟೆಯಲ್ಲಿ ಹಿಂಡುತ್ತಾರೆ. ಬಿಳಿ ಬೆಣಚುಕಲ್ಲನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ ಆ ರಸಕ್ಕೆ ಹಾಕಿದಾಗ ಚೊಂಯ್ ಎಂದು ಏಳುವ ಹಬೆಗೆ ಮನೆಯವರೆಲ್ಲ ಎದ್ದು ಕೂರುತ್ತಾರೆ. ದೊಡ್ಡವರಿಗೆ ಒಂದೆರಡು ಗುಟುಕು ಸಾಕು. ಲೋಟ ತುಂಬಿಸಿ ಕುಡಿದು ಶೌರ್ಯ ತೋರಿಸುವ ಮೈದುನಂದಿರು ಎಲ್ಲ ಮನೆಯಲ್ಲೂ ಇರುತ್ತಾರೆ, ಅವರನ್ನು ತಡೆಯಿರಿ. ಆ ಕೆತ್ತೆಯಲ್ಲಿ ಆಲ್ಕಲಾಯ್ಡ್‌ಗಳಿವೆ, ಅದು ಪಾನಕ ಅಲ್ಲ. ಬಸುರಿಯರಿಗೆ, ಹಾಲೂಡಿಸುವವರಿಗೆ, ಸಣ್ಣ ಮಕ್ಕಳಿಗೆ, ಬಿಪಿ ಅಥವಾ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರಿಗೆ ಬೇಡ. ನಿಮ್ಮ ಮಕ್ಕಳ ವಯಸ್ಸು ಬರೆದಿಲ್ಲ. ಎಷ್ಟೇ ಇರಲಿ, ನನ್ನ ಉತ್ತರ ಬೇಡ ಎಂದೇ.

ಮಕ್ಕಳಿಗೆ ಗಂಜಿ ಕೊಡಿ. ಒಂದು ಪಾವು ಬೆಳ್ತಿಗೆ (ಕುಚ್ಚಲಲ್ಲದ ಬಿಳಿ) ಅಕ್ಕಿಗೆ ಎರಡು ದೊಡ್ಡ ಚಮಚ ಮೆಂತೆ ಹಾಕಿ ರಾತ್ರಿಯೇ ನೆನೆಸಿ. ಬೆಳಿಗ್ಗೆ ಮೆಂತೆ ಬೆರಳಲ್ಲಿ ನುರಿಯುವಷ್ಟು ಮೆತ್ತಗೆ ಬೇಯಿಸಿ, ಬೆಲ್ಲ ಕರಗಿಸಿ, ಕೊನೆಗೆ ದಪ್ಪ ಕಾಯಿಹಾಲು ಹಾಕಿ ಒಂದು ಕುದಿ ಬರುವ ಮೊದಲೇ ಇಳಿಸಿ. ಕುದಿದರೆ ಹಾಲು ಒಡೆಯುತ್ತದೆ.

ತಂಬುಳಿಗೆ ತಿಮರೆಯನ್ನು (ಒಂದೆಲಗ) ಹಸಿಯಾಗಿಯೇ ಅರೆದು ತಿಂದರೆ ಮಕ್ಕಳ ಜ್ಞಾಪಕಶಕ್ತಿಗೆ ಒಳ್ಳೆಯದಂತೆ. ನಮ್ಮ ಬಾವಿಕಟ್ಟೆಯ ತೋಡಿನ ಬದಿಯಲ್ಲಿ ರಾಶಿ ಬೆಳೆದಿದೆ. ಒಗ್ಗರಣೆ ಹಾಕಿದರೆ ಗುಣ ಹೋಗುತ್ತದಾ?
ಓದುಗರು, ಪಡುಬಿದ್ರಿ

ಜ್ಞಾಪಕಶಕ್ತಿಯ ಭರವಸೆ ನಾನು ಕೊಡುವುದಿಲ್ಲ. ನನ್ನ ಮೊಮ್ಮಗ ತಂಬುಳಿಗೆ ಊಟದಲ್ಲಿ ಎರಡನೇ ಸಲ ಕೈ ಚಾಚುತ್ತಾನೆ, ಶಾಲೆಗೆ ಹೋಗುವಾಗ ಕೊಡೆ ಮರೆಯುತ್ತಾನೆ.

ನನಗೆ ಚಿಂತೆ ತೋಡಿನದ್ದು. ಒಂದೆಲಗ ನೆಲಕ್ಕೆ ಅಂಟಿ ಹರಡುವ ಬಳ್ಳಿ. ಮಳೆಗಾಲದಲ್ಲಿ ತೋಡಿನ ನೀರು ಅದರ ಮೇಲೆಯೇ ಹರಿಯುತ್ತದೆ, ಆ ನೀರಲ್ಲಿ ಇಲಿ, ಹೆಗ್ಗಣದ ಮೂತ್ರ, ಪಾತ್ರೆ ತೊಳೆದದ್ದು, ಮೇಲಿನ ಹಟ್ಟಿಯದ್ದು ಎಲ್ಲ ಇರುತ್ತದೆ. ನಾಲ್ಕು ಬಳ್ಳಿ ಕಿತ್ತು ಒಂದು ಕುಂಡದಲ್ಲಿ ಅಥವಾ ಎತ್ತರದ ಪಾತಿಯಲ್ಲಿ ನೆಡಿ. ಒಂದು ತಿಂಗಳಲ್ಲಿ ತಂಬುಳಿಗೆ ಸಾಕಾಗುವಷ್ಟು ಬರುತ್ತದೆ. ಅಲ್ಲಿಯವರೆಗೆ ಕಿತ್ತದ್ದನ್ನು ಬೇರು ಕತ್ತರಿಸಿ, ಹರಿಯುವ ನೀರಲ್ಲಿ ಮೂರು ನಾಲ್ಕು ಸಲ ತೊಳೆದು, ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಎಲೆ ಪೂರ್ತಿ ಬಾಡುವವರೆಗೆ ಹುರಿಯಿರಿ. ತೆಂಗಿನ ತುರಿ ಹಾಕಿ ಅರೆದು ಹುಳಿ ಕಮ್ಮಿ ಇರುವ ಮಜ್ಜಿಗೆಯಲ್ಲಿ ಕದಡಿದರೆ ಆಯಿತು. ತುಪ್ಪದಲ್ಲಿ ಬಾಡಿಸಿದ್ದರ ಪರಿಮಳವೇ ನನಗೆ ಹಸಿಯದ್ದಕ್ಕಿಂತ ಇಷ್ಟ. ತಂಬುಳಿ ಮಾಡಿದ ಮೇಲೆ ಕುದಿಸಬೇಡಿ ಅಷ್ಟೆ.

ಗಂಡ ಅಡಿಕೆ ತೋಟದಲ್ಲಿ ಕೆಲಸ ಮಾಡುವವರು. ಮೂರು ದಿನದಿಂದ ಜ್ವರ, ಕಾಲಿನ ಮೀನಖಂಡ ಮುಟ್ಟಲು ಬಿಡುವುದಿಲ್ಲ. ಶುಂಠಿ, ಕೊತ್ತಂಬರಿ, ಕಾಳುಮೆಣಸಿನ ಕಷಾಯ ಕೊಡುತ್ತಿದ್ದೇನೆ. ನೆರೆಯವರು ಪಪ್ಪಾಯಿ ಎಲೆ ರಸ ಎನ್ನುತ್ತಾರೆ. ಇನ್ನೂ ಏನು ಕೊಡಬಹುದು?
ಓದುಗರು, ಹೆಬ್ರಿ

ಈ ಪತ್ರ ಅಚ್ಚಾಗುವವರೆಗೆ ಕಾಯುವ ವಿಷಯವಲ್ಲವೆಂದು ಅವರಿಗೆ ಫೋನಿನಲ್ಲೇ ಹೇಳಿದೆ: ಕಷಾಯದ ಪಾತ್ರೆ ಇಳಿಸಿ ಬಸ್ಸು ಹತ್ತಿ. ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಉಡುಪಿ, ದಕ್ಷಿಣ ಕನ್ನಡ, ನಮ್ಮ ಈ ಎರಡು ಜಿಲ್ಲೆಗಳಲ್ಲಿ ಮಳೆಗಾಲದ ಜ್ವರವೆಂದರೆ ಬರೀ ಶೀತಜ್ವರವಲ್ಲ. ಇಲಿಜ್ವರ ಉಂಟು, ಡೆಂಗಿ ಉಂಟು, ಮಂಗಳೂರಿನ ಕಡೆ ಮಲೇರಿಯಾ ಹಳೆಯ ನೆಂಟ. ಇಲಿಜ್ವರದ ರೋಗಾಣು ಇಲಿಯ ಮೂತ್ರ ಬೆರೆತ ನೀರಿನಲ್ಲಿ, ಕೆಸರಿನಲ್ಲಿ ಇರುತ್ತದೆ, ಕಾಲಿನ ಗೀರುಗಾಯದಿಂದ ಒಳಗೆ ಹೋಗುತ್ತದೆ. ಗದ್ದೆಗೆ, ತೋಟಕ್ಕೆ ಬರಿಗಾಲಲ್ಲಿ ಇಳಿದವರಿಗೆ ಜ್ವರ ಬಂದು ಮೀನಖಂಡ ನೋವು, ಕಣ್ಣು ಕೆಂಪು ಕಂಡರೆ ಅದೇ ಮೊದಲ ಸಂಶಯ. ಆರಂಭದಲ್ಲೇ ಹೋದರೆ ಮಾಮೂಲಿ ಆ್ಯಂಟಿಬಯೋಟಿಕ್‌ಗೆ ಬಗ್ಗುತ್ತದೆ. ಕಣ್ಣು ಹಳದಿಯಾಗಿ ಮೂತ್ರ ಕಡಿಮೆಯಾದ ಮೇಲೆ ಹೋದರೆ ಕಿಡ್ನಿ, ಲಿವರ್, ಐಸಿಯು ಎಂದು ಮಾತು ಬೇರೆಯೇ ಆಗುತ್ತದೆ. ವಾರ್ಡಿನಲ್ಲಿ ಅಂಥವರ ಹೆಂಡತಿಯರು ನನ್ನ ಹತ್ತಿರ ಹೇಳುತ್ತಿದ್ದದ್ದು ಹೆಚ್ಚಾಗಿ ಒಂದೇ ಮಾತು, ಕಷಾಯದಲ್ಲಿ ಸ್ವಲ್ಪ ಇಳಿದಿತ್ತು ಸಿಸ್ಟರ್, ಅದಕ್ಕೇ ಕಾದೆವು.

ಕಷಾಯ ಕೊಡಬಾರದು ಎಂದು ನಾನು ಹೇಳುತ್ತಿಲ್ಲ. ಗಂಟಲಿಗೆ ಹಿತ, ಬೆವರು ಬರುತ್ತದೆ, ನೀರಿನಂಶ ಹೊಟ್ಟೆಗೆ ಹೋಗುತ್ತದೆ. ಕುಚ್ಚಲಕ್ಕಿ ಗಂಜಿಯ ತಿಳಿಗೆ ಚಿಟಿಕೆ ಉಪ್ಪು ಹಾಕಿ ಕೊಡುವುದಂತೂ ಜ್ವರದವರಿಗೆ ಅಮೃತ. ಆದರೆ ಜ್ವರ ಎರಡು ದಿನ ದಾಟಿದರೆ ರಕ್ತ ಪರೀಕ್ಷೆ ಆಗಬೇಕು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮಲೇರಿಯಾಕ್ಕೆ ದುಡ್ಡಿಲ್ಲದೆ ನೋಡುತ್ತಾರೆ.

ಡೆಂಗಿ ಸಂಶಯವಿದ್ದಾಗ ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ. ಮೈಕೈ ನೋವೆಂದು ಮೆಡಿಕಲ್ ಅಂಗಡಿಯಿಂದ ಐಬುಪ್ರೊಫೆನ್, ಆಸ್ಪಿರಿನ್ ತಂದು ನುಂಗಬೇಡಿ, ರಕ್ತಸ್ರಾವ ಹೆಚ್ಚಬಹುದು. ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿಲ್ಲ: ಡೆಂಗಿಯಲ್ಲಿ ಜ್ವರ ಬಿಟ್ಟ ಮೇಲಿನ ಒಂದೆರಡು ದಿನವೇ ಅಪಾಯದ್ದು. ಮೈ ತಣ್ಣಗಾಯಿತೆಂದು ಸಮಾಧಾನಪಡುವಾಗಲೇ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ರಾತ್ರಿಯಾದರೂ ಸರಿ, ಹೊರಡಿ. ಪಪ್ಪಾಯಿ ಎಲೆ ರಸ ಕುಡಿಸಿ ಪ್ಲೇಟ್‌ಲೆಟ್ ಏರುತ್ತದೆ ಎಂದು ಮನೆಯಲ್ಲಿ ಕೂರುವುದು ಬೇಡ. ಆ ಕಹಿಗೆ ವಾಂತಿಯಾಗಿ ಇದ್ದ ನೀರೂ ಹೋಗುತ್ತದೆ.

ಮಗುವಿಗೆ ಆರು ತಿಂಗಳು ತುಂಬಿತು. ರಾಗಿ ಮಣ್ಣಿ ಶುರು ಮಾಡುವ ಆಸೆ. ಅಮ್ಮ ಬೆಲ್ಲ, ಉಪ್ಪು ಹಾಕು, ಮೊದಲು ಜೇನು ನೆಕ್ಕಿಸು ಎನ್ನುತ್ತಾರೆ.
ಓದುಗರು, ಸುರತ್ಕಲ್

ಜೇನು ಒಂದು ವರ್ಷ ತುಂಬುವವರೆಗೆ ಬೇಡವೇ ಬೇಡ. ಕಾಡುಜೇನಾದರೂ, ಅಂಗಡಿಯದ್ದಾದರೂ, ದೇವರ ಪ್ರಸಾದದ್ದಾದರೂ. ಅದರಲ್ಲಿರಬಹುದಾದ ಬಾಟುಲಿಸಂ ರೋಗಾಣುವಿನ ಬೀಜಕಗಳು ಎಳೆ ಕರುಳಲ್ಲಿ ಮೊಳೆತು ವಿಷ ಮಾಡುತ್ತವೆ, ಮಗುವಿನ ಸ್ನಾಯುಗಳು ಸೋಲುತ್ತವೆ. ಉಪ್ಪು, ಬೆಲ್ಲವೂ ಒಂದು ವರ್ಷದವರೆಗೆ ಬೇಕಿಲ್ಲ. ಸಪ್ಪೆ ಎನ್ನಿಸುವುದು ನಿಮ್ಮ ನಾಲಿಗೆಗೆ, ಮಗುವಿನದ್ದಕ್ಕಲ್ಲ.

ಮಣ್ಣಿ ಹೀಗೆ: ರಾಗಿಯನ್ನು ಕಲ್ಲು ಹೋಗುವ ಹಾಗೆ ಗಾಳಿಸಿ ತೊಳೆದು ರಾತ್ರಿ ನೆನೆಸಿ. ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಬಿಳಿ ಮೊಳಕೆ ಇಣುಕುತ್ತದೆ. ನುಣ್ಣಗೆ ಅರೆದು ತೆಳು ಬಟ್ಟೆಯಲ್ಲಿ ಸೋಸಿ ಹಾಲು ತೆಗೆಯಿರಿ. ಸಣ್ಣ ಉರಿಯಲ್ಲಿ ಕೈ ಬಿಡದೆ ಕಲಕುತ್ತಿದ್ದರೆ ಮೊದಲು ತಳದಲ್ಲಿ ಗಂಟು ಗಂಟಾಗುತ್ತದೆ, ಗಾಬರಿ ಬೇಡ, ಕಲಕುತ್ತಲೇ ಇರಿ. ಮಣ್ಣುಬಣ್ಣ ಹೋಗಿ ಕಪ್ಪು ಚಾಕಲೇಟಿನ ಹೊಳಪು ಬಂದು, ಹಸಿ ವಾಸನೆ ಪೂರ್ತಿ ಹೋದಾಗ ಬೆಂದಿದೆ ಎಂದರ್ಥ. ಚಮಚ ಓರೆ ಮಾಡಿದರೆ ನೀರಾಗಿ ಸುರಿಯಬಾರದು. ಬಹಳ ಮನೆಗಳಲ್ಲಿ ಮಣ್ಣಿ ಎಂದು ಕೊಡುವುದು ಬಣ್ಣದ ನೀರು, ಹೊಟ್ಟೆ ತುಂಬುತ್ತದೆ, ತೂಕ ಏರುವುದಿಲ್ಲ.

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು, ಸೋಸಿದಾಗ ಅದರಲ್ಲಿ ಒಂದಷ್ಟು ಚರಟದ ಜೊತೆ ಹೋಗುತ್ತದೆ. ಹಾಗಾಗಿ ಮಗುವಿಗೆ ರೂಢಿಯಾದ ಮೇಲೆ ಮೊಳಕೆ ರಾಗಿಯನ್ನು ಒಣಗಿಸಿ ಹುರಿದು ಪುಡಿ ಮಾಡಿದ್ದನ್ನೇ ಸೋಸದೆ ಬೇಯಿಸಿ. ರಾಗಿಯೊಂದನ್ನೇ ನಂಬಿ ಕೂರಬೇಡಿ. ಆರು ತಿಂಗಳ ನಂತರ ಎದೆಹಾಲಿನ ಕಬ್ಬಿಣಾಂಶ ಸಾಲುವುದಿಲ್ಲ. ಬೆಂದ ಹೆಸರುಬೇಳೆ, ಹರಿವೆ ಸೊಪ್ಪು ಹಿಸುಕಿ ಕೊಡಿ. ಮೀನು ತಿನ್ನುವ ಮನೆಯಾದರೆ ಮುಳ್ಳು ನೋಡಿ ತೆಗೆದ ಕಾಣೆ ಮೀನು, ಚೆನ್ನಾಗಿ ಬೆಂದ ಮೊಟ್ಟೆ. ಹಾಲೂಡಿಸುವುದು ನಿಲ್ಲಿಸಬೇಡಿ.

ಯಜಮಾನರಿಗೆ ಸಕ್ಕರೆ ಕಾಯಿಲೆ. ಬೆಳ್ತಿಗೆ ಬಿಟ್ಟು ಕೆಂಪು ಕುಚ್ಚಲಕ್ಕಿಗೆ ಬಂದಿದ್ದೇವೆ. ಆದರೂ ಶುಗರ್ ಇಳಿಯುತ್ತಿಲ್ಲ.
ಓದುಗರು, ಮೂಲ್ಕಿ

ಎಷ್ಟು ಬಡಿಸುತ್ತೀರಿ ಎಂದು ಬರೆದಿಲ್ಲ. ಊಹಿಸಬಲ್ಲೆ. ಕುಚ್ಚಲಕ್ಕಿ ಒಳ್ಳೆಯದೆಂಬ ಧೈರ್ಯದಲ್ಲಿ ಗುಡ್ಡೆ ಹಾಕುವವರೇ ಜಾಸ್ತಿ. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನ ಬಿ ಜೀವಸತ್ವಗಳು ಕಾಳಿನ ಒಳಗೆ ಇಳಿಯುತ್ತವೆ, ತೌಡು ತೆಗೆಯದಿದ್ದರೆ ನಾರೂ ಉಳಿಯುತ್ತದೆ, ಸರಿ. ಆದರೂ ಅದು ಅಕ್ಕಿಯೇ. ಸೌಟು ಬದಲಿಸಿ: ಬಟ್ಟಲಿನ ಅರ್ಧ ಭಾಗ ಹರಿವೆ, ತೊಂಡೆ, ಬಾಳೆದಿಂಡು, ಅಲಸಂಡೆ ಪಲ್ಯ, ಕಾಲು ಭಾಗ ಹುರುಳಿ ಸಾರಿನ ಕಾಳೋ ಬೂತಾಯಿ ಮೀನೋ, ಉಳಿದ ಕಾಲು ಭಾಗ ಮಾತ್ರ ಅನ್ನ. ಗಂಜಿಗೆ ಉಪ್ಪಿನಕಾಯಿ, ಹಪ್ಪಳ, ಒಣಮೀನು ಮೂರೂ ಇಟ್ಟುಕೊಳ್ಳುವ ಅಭ್ಯಾಸ ಇದ್ದರೆ ಒಂದಕ್ಕೆ ಇಳಿಸಿ, ಬಿಪಿ ಅಲ್ಲಿಂದಲೇ ಏರುವುದು. ಮೆಂತೆ ನೀರು, ಹಾಗಲದ ರಸ ಶುರು ಮಾಡುವುದಾದರೆ ಡಾಕ್ಟರಿಗೆ ತಿಳಿಸಿ. ಮಾತ್ರೆಯ ಜೊತೆ ಸೇರಿ ಸಕ್ಕರೆ ಅಗತ್ಯಕ್ಕಿಂತ ಕೆಳಗೆ ಇಳಿದು ತಲೆ ತಿರುಗಿ ಬೀಳುವುದುಂಟು.

ಪತ್ರೊಡೆ ಮಾಡಿದರೆ ಪ್ರತಿ ಸಲ ಗಂಟಲು ತುರಿಸುತ್ತದೆ.
ಓದುಗರು, ಬಂಟ್ವಾಳ

ಕೆಸುವಿನ ಎಲೆಯಲ್ಲಿ ಕಣ್ಣಿಗೆ ಕಾಣದ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಗಳಿವೆ, ಚುಚ್ಚುವುದು ಅವು. ಹಿಟ್ಟಿಗೆ ಹುಣಸೆ ಜಿಪುಣತನ ಮಾಡದೆ ಹಾಕಿ. ದಂಟು ಮತ್ತು ಎಲೆಯ ಹಿಂಬದಿಯ ದಪ್ಪ ನರ ಕೀಸಿ ತೆಗೆಯಿರಿ. ಸುರುಳಿ ತೆಳ್ಳಗಿರಲಿ, ಒಂದು ಗಂಟೆ ಹಬೆಯಲ್ಲಿ ಬೇಯಲಿ. ಆಮೇಲೂ ತುರಿಸಿದರೆ ಎಲೆ ತರುವ ಜಾಗ ಬದಲಿಸಿ. ಹಿತ್ತಿಲಿನ ಎಲ್ಲ ಕೆಸುವೂ ಪತ್ರೊಡೆಗೆ ಆಗುವುದಿಲ್ಲ. ಮರಕೆಸು ಸಿಕ್ಕರೆ ಬೆಲೆ ಚೌಕಾಸಿ ಮಾಡದೆ ತನ್ನಿ.