ಆ ಅಜ್ಜ ಏನಂದರು?

ಪ್ರಿಯರೇ,

ವೇಲ್ಸ್‌ನ ರಗ್ಬಿ ಆಟಗಾರ ರೇ ಗ್ರಾವೆಲ್ ಬಗ್ಗೆ ನೀವು ಬರೆದ ‘ಕೆಂಪು ಅಂಗಿಯ ದಂತಕಥೆ’ ಬಂದು ಮೂರು ವಾರವಾಯಿತು. ‘ಸ್ಥಳಾಭಾವದಿಂದ ಪ್ರಕಟಿಸಲಾಗುತ್ತಿಲ್ಲ’ ಎಂಬ ನಮ್ಮ ಮಾಮೂಲಿ ಸಾಲು ಕಳಿಸಿ ಸುಮ್ನಿರಬಹುದಿತ್ತು. ಎರಡು ಸಲ ಹಾಗೇ ಅಂದುಕೊಂಡೆ. ಎರಡು ಸಲವೂ ಲೇಖನ ಮತ್ತೆ ಕೈಗೆ ಬಂತು. ಸಿಟ್ಟು ಬಂದಿದೆ ಅನ್ನಿ. ಪೂರ್ತಿ ಕೆಟ್ಟ ಲೇಖನಕ್ಕೆ ನನಗೆ ಸಿಟ್ಟು ಬರುವುದಿಲ್ಲ, ನಿದ್ದೆ ಬರುತ್ತದೆ.

ಮೊದಲು ಒಳ್ಳೆಯ ಮಾತು ಹೇಳಿಬಿಡುತ್ತೇನೆ. ಗ್ರಾವೆಲ್ ಆಡುತ್ತಿದ್ದ ಊರಿನ ಹೆಸರು ಲಾನೆಲಿ ಎಂದು ಬರೆದು, ಅದು ನಮ್ಮ ‘ಲ’ ಅಲ್ಲ, ನಾಲಿಗೆಯನ್ನು ಲ-ಕಾರಕ್ಕೆ ಇಟ್ಟುಕೊಂಡು ಗಾಳಿ ಊದಬೇಕು ಎಂದು ವಿವರಿಸಿದ್ದೀರಲ್ಲ, ಅದು ಚೆನ್ನಾಗಿದೆ. ನಾನೂ ಊದಿ ನೋಡಿದೆ. ಪ್ರೂಫ್ ಹಾಳೆಯ ಮೇಲೆ ಉಗುಳು ಬಿತ್ತು. ತಗಡಿನ ಕಾರ್ಖಾನೆಗಳ ಊರಾದ್ದರಿಂದ ಗೋಲು ಕಂಬಗಳ ತುದಿಗೆ ಕೆಂಪು ಪಾತ್ರೆ ಕೂರಿಸುತ್ತಾರೆ ಎಂಬುದೂ ಚೆಂದ.

ಈಗ ಮೊದಲ ಪ್ಯಾರಾಕ್ಕೆ ಬರೋಣ. ನಾಲ್ಕೇ ವಾಕ್ಯ. ನಾಲ್ಕೂ ನನ್ನನ್ನು ಕಾಡಿವೆ.

‘ರಗ್ಬಿ ಲೋಕದ ಧ್ರುವತಾರೆ, ಅಭಿಮಾನಿಗಳ ಆರಾಧ್ಯದೈವ ರೇ ಗ್ರಾವೆಲ್ ಅವರು 2007ರ ಅಕ್ಟೋಬರ್ 31ರಂದು ಅಪಾರ ಬಂಧುಮಿತ್ರರನ್ನು ಅಗಲಿ ಬಾರದ ಲೋಕಕ್ಕೆ ತೆರಳಿದಾಗ ಇಡೀ ವೇಲ್ಸ್ ಶೋಕಸಾಗರದಲ್ಲಿ ಮುಳುಗಿತು.’

ತಾರೆ, ದೈವ, ಲೋಕ, ಸಾಗರ. ಒಂದೇ ವಾಕ್ಯದಲ್ಲಿ ಇಷ್ಟೆಲ್ಲ ಇದೆ. ಆ ಮನುಷ್ಯ ಮಾತ್ರ ಇಲ್ಲ. ಹೆಸರು ತೆಗೆದು ಬೇರೆ ಯಾರ ಹೆಸರು ಹಾಕಿದರೂ ನಡೆಯುತ್ತದೆ, ಅಲ್ವಾ? ಇದರಲ್ಲಿ ಜೀವ ಇರುವುದು ಒಂದೇ ಕಡೆ, ಅಕ್ಟೋಬರ್ 31ರಲ್ಲಿ. ಯಾಕೆ ಅಂತ ನಿಮಗೇ ಗೊತ್ತು. ಗೊತ್ತಿದ್ದೂ ಅದನ್ನು ನಾಲ್ಕನೇ ಪುಟದಲ್ಲಿ, ‘ಅಂದಹಾಗೆ’ ಎಂದು ಶುರುವಾಗುವ ಪ್ಯಾರಾದಲ್ಲಿ ಅಡಗಿಸಿಟ್ಟಿದ್ದೀರಿ.

1972ರ ಅಕ್ಟೋಬರ್ 31. ನ್ಯೂಜಿಲೆಂಡ್‌ನ ಆಲ್ ಬ್ಲ್ಯಾಕ್ಸ್ ತಂಡ ಲಾನೆಲಿಯ ಸ್ಟ್ರೇಡಿ ಪಾರ್ಕಿಗೆ ಬಂದಿತ್ತು. ಅತ್ತ ಇಡೀ ದೇಶದ ತಂಡ, ಇತ್ತ ಒಂದು ಊರಿನ ಕ್ಲಬ್ಬು. ಗ್ರಾವೆಲ್‌ಗೆ ಆಗ 21 ವರ್ಷ. ಲಾನೆಲಿಯ ಫಿಲ್ ಬೆನೆಟ್ ಒದ್ದ ಪೆನಾಲ್ಟಿ ಅಡ್ಡಪಟ್ಟಿಗೆ ಬಡಿದು ವಾಪಸ್ ಬಂತು. ಎದುರಾಳಿ ಅದನ್ನು ಹಿಡಿದು ದೂರಕ್ಕೆ ಒದೆಯಲು ಹೋದ. ಲಾನೆಲಿಯ ರಾಯ್ ಬರ್ಜಿಯರ್ಸ್ ಮೈಯೊಡ್ಡಿ ತಡೆದು, ಗೆರೆಯಾಚೆ ಚೆಂಡಿನ ಮೇಲೆ ಬಿದ್ದ. ರಗ್ಬಿಯಲ್ಲಿ ಅದೇ ಟ್ರೈ. ಆಟ ಮುಗಿದಾಗ 9-3, ಗೆದ್ದದ್ದು ಲಾನೆಲಿ. ಆ ಸಂಜೆ ಪಬ್ಬುಗಳಲ್ಲಿ ಬಿಯರ್ ಖಾಲಿಯಾಯಿತು ಎಂದು ಈಗಲೂ ಹೇಳಿಕೊಳ್ಳುತ್ತಾರೆ. ಸರಿಯಾಗಿ 35 ವರ್ಷದ ನಂತರ ಅದೇ ತಾರೀಕಿಗೆ, ಸ್ಪೇನಿಗೆ ರಜೆಗೆಂದು ಹೋಗಿದ್ದ ಗ್ರಾವೆಲ್ ಹೃದಯ ನಿಂತು ತೀರಿಕೊಂಡರು. 56 ವರ್ಷ. ಊರಿನ ಜನ ವರ್ಷ ವರ್ಷವೂ ಗೆಲುವು ನೆನೆಯುತ್ತಿದ್ದ ದಿನವೇ ಸಾವಿನ ದಿನವೂ ಆಯಿತು. ಇದನ್ನು ಕೈಯಲ್ಲಿಟ್ಟುಕೊಂಡು ‘ಶೋಕಸಾಗರ’ಕ್ಕೆ ಯಾಕೆ ಹೋದಿರಿ?

ಇಲ್ಲೇ ಒಂದು ಲೆಕ್ಕ. ಟ್ರೈ ಒಂದಕ್ಕೆ 5 ಅಂಕ ಎಂದು ಬರೆದಿದ್ದೀರಿ. ಅವತ್ತು ಲಾನೆಲಿಗೆ ಬಂದದ್ದು ಒಂದು ಟ್ರೈ, ಅದಾದ ಮೇಲೆ ಕಂಬಗಳ ನಡುವೆ ಒದೆಯುವ ಕನ್ವರ್ಷನ್‌ಗೆ 2, ಆಂಡಿ ಹಿಲ್ ಒದ್ದ ಪೆನಾಲ್ಟಿಗೆ 3. ಐದು, ಎರಡು, ಮೂರು ಕೂಡಿದರೆ ಹತ್ತು. ನಿಮ್ಮದೇ ಸ್ಕೋರು ಒಂಬತ್ತು. ಆಗ ಟ್ರೈಗೆ 4 ಅಂಕ ಇತ್ತು, 5 ಆದದ್ದು 1992ರಲ್ಲಿ. ಬೆರಳಲ್ಲಿ ಎಣಿಸಿದ್ದರೂ ಸಿಗುತ್ತಿತ್ತು.

ಎರಡನೇ ವಾಕ್ಯ: ‘ಅವರ ಅಗಲಿಕೆ ತುಂಬಲಾರದ ನಷ್ಟ.’ ಇದರ ಬಗ್ಗೆ ಏನೂ ಹೇಳಲಾರೆ. ಹೊಡೆದುಹಾಕಿದ್ದೇನೆ.

ಮೂರನೆಯದು: ‘ನಮಗೆ ಅಣ್ಣಾವ್ರು ಹೇಗೋ ವೇಲ್ಸ್ ಜನರಿಗೆ ಗ್ರಾವ್ ಹಾಗೆ.’

ಕನ್ನಡದ ಓದುಗನಿಗೆ ಬೇಗ ಅರ್ಥವಾಗಲಿ ಎಂದು ಬರೆದಿರುತ್ತೀರಿ. ನನಗೆ ಏನಾಯಿತು ಗೊತ್ತಾ? ಗ್ರಾವೆಲ್ ಮರೆತುಹೋದರು. 2006ರ ಏಪ್ರಿಲ್ ನೆನಪಾಯಿತು. ರಾಜ್‌ಕುಮಾರ್ ತೀರಿಕೊಂಡ ಮರುದಿನ ಬೆಂಗಳೂರಲ್ಲಿ ಬಸ್ಸಿಲ್ಲ, ಅಂಗಡಿಗಳ ಶಟರ್ ಕೆಳಗೆ, ಎಲ್ಲೋ ಕಲ್ಲು ಬೀಳುವ ಸದ್ದು. ಮೆಜೆಸ್ಟಿಕ್‌ನಿಂದ ಮನೆವರೆಗೆ ನಡೆದುಕೊಂಡೇ ಹೋಗಿದ್ದೆ. ಲಾನೆಲಿಯಲ್ಲಿ ಆದದ್ದು ಬೇರೆ. ಅಂತ್ಯಕ್ರಿಯೆಯೇ ಮೈದಾನದಲ್ಲಿ. ಅದೇ ಸ್ಟ್ರೇಡಿ ಪಾರ್ಕು, ನವೆಂಬರ್ 15, ಸುಮಾರು ಹತ್ತು ಸಾವಿರ ಜನ. ಆಟ ನೋಡಲು ನಿಲ್ಲುತ್ತಿದ್ದ ಜಾಗದಲ್ಲೇ ಬಂದು ನಿಂತರು. ಎರಡೂ ಕಡೆ ಪ್ರೀತಿ ಇತ್ತು, ನಿಜ. ಆದರೆ ಒಂದರ ಹೆಸರು ಹೇಳಿ ಇನ್ನೊಂದನ್ನು ತೋರಿಸಲು ಆಗುವುದಿಲ್ಲ. ಹೋಲಿಕೆ ಕೊಟ್ಟ ಕೂಡಲೇ ನೋಡುವ ಕೆಲಸ ಮುಗಿಯಿತು ಅಂದುಕೊಂಡಿರಿ.

ನಾಲ್ಕನೆಯದು ನನಗೆ ಜಾಸ್ತಿ ಸಿಟ್ಟು ತರಿಸಿದ್ದು: ‘ಹುಲಿಯಂತೆ ಎರಗುತ್ತಿದ್ದ ಆ ಎದೆಗಾರನಿಗೆ ಭಯವೆಂಬುದೇ ಗೊತ್ತಿರಲಿಲ್ಲ.’

ಇದು ಸುಳ್ಳು. ಸುಳ್ಳು ಎನ್ನುವುದಕ್ಕೆ ಸಾಕ್ಷಿಯೂ ನಿಮ್ಮ ಲೇಖನವೇ. ಮೂರನೇ ಪುಟದಲ್ಲಿ ನೀವೇ ಬರೆದಿದ್ದೀರಿ: ಸಹ ಆಟಗಾರರ ಹತ್ತಿರ ಪದೇ ಪದೇ ‘ನಾನು ಚೆನ್ನಾಗಿ ಆಡಿದೆನಾ’ ಎಂದು ಕೇಳುತ್ತಿದ್ದರು, ಯಾರಾದರೂ ಹೌದು ಅನ್ನುವವರೆಗೆ ಸಮಾಧಾನ ಇರುತ್ತಿರಲಿಲ್ಲ. ಆಟಕ್ಕೆ ಮುಂಚೆ ಡ್ರೆಸ್ಸಿಂಗ್ ರೂಮಿನಲ್ಲಿ ಗಾಯಕ ದಾವಿದ್ ಇವಾನ್‌ರ ವೆಲ್ಶ್ ಹಾಡುಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು. ಅಷ್ಟು ದೊಡ್ಡ ದೇಹ, ಕೆಂಚು ಗಡ್ಡ, ವೇಲ್ಸ್ ಪರ 23 ಟೆಸ್ಟ್, ಬ್ರಿಟನ್-ಐರ್ಲೆಂಡ್‌ಗಳ ಜಂಟಿ ತಂಡವಾದ ಲಯನ್ಸ್ ಪರ 4. ಆದರೂ ಪಕ್ಕದವನ ಮುಖ ನೋಡಿ ‘ಪರವಾಗಿಲ್ವಾ?’ ಅಂತಿದ್ದ ಮನುಷ್ಯ. ಜನ ಹಚ್ಚಿಕೊಂಡದ್ದು ಇಂಥವನನ್ನು. ಹುಲಿಯನ್ನು ಯಾರೂ ಅಷ್ಟು ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ನನಗಿದು ಗೊತ್ತಿರುವುದು ನಾನೂ ಇದೇ ಕೆಲಸ ಮಾಡಿ ಬೈಸಿಕೊಂಡದ್ದರಿಂದ. ಪತ್ರಿಕೆಗೆ ಸೇರಿ ಏಳೆಂಟು ತಿಂಗಳಾಗಿತ್ತು. ಊರು ದಾವಣಗೆರೆ ಕಡೆ. ಹೊಸಬರಿಗೆ ನಿಧನ ವಾರ್ತೆ ಬರೆಯುವ ಕೆಲಸ. ಹಳೆಯ ಪೈಲ್ವಾನರೊಬ್ಬರು ತೀರಿಕೊಂಡಿದ್ದರು. ಮನೆಗೇ ಹೋಗಿ ಬಂದಿದ್ದೆ, ಆ ಜಂಭ ಬೇರೆ. ‘ಕುಸ್ತಿ ಲೋಕದ ಧ್ರುವತಾರೆ ಅಸ್ತಂಗತ’ ಎಂದು ತಲೆಬರಹ ಕೊಟ್ಟು, ಕೆಳಗೆ ಮೂರು ಪ್ಯಾರಾ ಬರೆದು ಮುಖ್ಯ ಉಪಸಂಪಾದಕರ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಏರಿಸಿಕೊಂಡು ಓದಿದರು. ಆಮೇಲೆ ಕೇಳಿದರು, “ಅಲ್ಲೋ ತಮ್ಮಾ, ಆತನ ಕಿವಿ ಹೆಂಗಿದ್ವು?”

ನನಗೆ ತಲೆಬುಡ ಗೊತ್ತಾಗಲಿಲ್ಲ. ಪೈಲ್ವಾನರ ಕಿವಿ ಉಜ್ಜಿ ಉಜ್ಜಿ ಮುದುಡಿ ಗಂಟಾಗಿರುತ್ತದೆ ಅನ್ನುವುದು ಕೂಡ ಆಗ ತಿಳಿದಿರಲಿಲ್ಲ. ಅರ್ಧ ಗಂಟೆ ಆ ಮುಖದ ಮುಂದೆ ಕೂತಿದ್ದೆ. ಕಿವಿ ನೋಡಿರಲಿಲ್ಲ. ಸುಮ್ನೆ ‘ಧ್ರುವತಾರೆ’ ಎಂಬ ಪದ ಹುಡುಕುತ್ತಿದ್ದೆ. “ಹೋಗಿ ನೋಡಿಕೊಂಡು ಬಾ” ಅಂದರು. ಬಸ್ಸು ಹಿಡಿದು ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಗರಡಿ ಮನೆಗೆ ಹೋದೆ. ಹುಡುಗರು ಮಟ್ಟಿಗೆ ಇಳಿಯದೆ ಗೋಡೆಗೆ ಒರಗಿ ಕೂತಿದ್ದರು. ಮೊಳೆಗೆ ಒಂದು ಲಂಗೋಟಿ ನೇತಾಡುತ್ತಿತ್ತು. ಯಾರದು ಅಂತ ಕೇಳಿದೆ. ಯಾರೂ ಮಾತಾಡಲಿಲ್ಲ. ಅಷ್ಟನ್ನೇ ಬರೆದು ಕೊಟ್ಟೆ, ಆರು ಸಾಲು. ತಲೆಬರಹ ಅವರೇ ಹಾಕಿದರು. ಹೊಗಳಲಿಲ್ಲ. ಕ್ಯಾಂಟೀನಿನಲ್ಲಿ ನನ್ನ ಚಹಾದ ದುಡ್ಡು ಕೊಟ್ಟರು.

ಇಷ್ಟು ಹೇಳಿದ್ದು ನಿಮ್ಮ ಐದನೇ ಪುಟಕ್ಕಾಗಿ. ಅಲ್ಲಿ ನೀವು ಬರೆದದ್ದನ್ನು ಹಾಗೇ ಇಡುತ್ತೇನೆ:

‘ನಮ್ಮ ಆಸ್ಪತ್ರೆಯಿಂದ ಮನೆಗೆ ಹೋದ ಒಬ್ಬ ಅಜ್ಜ ನನ್ನನ್ನು ಹೊಸ ಸ್ಟೇಡಿಯಂಗೆ ಕರೆದುಕೊಂಡು ಹೋದರು. ಗ್ರಾವೆಲ್ ಮೂರ್ತಿಯ ಮುಂದೆ ನಿಂತು ಟೋಪಿ ತೆಗೆದರು. ವೆಲ್ಶ್ ಭಾಷೆಯಲ್ಲಿ ಏನೋ ಹೇಳಿದರು. ಮಹಾನ್ ಆಟಗಾರನಿಗೆ ಸಂದ ಭಾವಪೂರ್ಣ ಶ್ರದ್ಧಾಂಜಲಿ ಅದಾಗಿತ್ತು.’

ಅಯ್ಯಾ, ಏನು ಹೇಳಿದರು? ‘ಏನೋ’ ಎಂದು ಬರೆದು ಅದರ ಮೇಲೆ ‘ಭಾವಪೂರ್ಣ’ ಎಂದು ಮುಚ್ಚಳ ಹಾಕಿಬಿಟ್ಟಿರಿ. ಬೈದಿರಬಹುದು. ಅಭಿಮಾನಿಗಳು ಬೈಯುತ್ತಾರೆ, ಸತ್ತವರನ್ನು ಇನ್ನೂ ಜಾಸ್ತಿ. ಹವಾಮಾನದ ಸುದ್ದಿ ಹೇಳಿರಬಹುದು, ಕಳೆದ ಶನಿವಾರ ತಂಡ ಸೋತದ್ದನ್ನು ಒಪ್ಪಿಸಿರಬಹುದು. ಪಕ್ಕದಲ್ಲೇ ಇದ್ದಿರಿ. ಇಂಗ್ಲಿಷಿನಲ್ಲಿ ಕೇಳಿದ್ದರೆ ಹೇಳುತ್ತಿರಲಿಲ್ಲವಾ? ಸಂಕೋಚವಾಯಿತೇನೋ. ರೋಗಿಯ ನೋವು ಎಲ್ಲಿದೆ ಎಂದು ದಿನಾ ಕೇಳುವವರು ನೀವು.

ಅದರಲ್ಲೂ ಗ್ರಾವೆಲ್ ವಿಷಯದಲ್ಲಿ ವೆಲ್ಶ್ ಎಂದರೆ ‘ಏನೋ’ ಅಲ್ಲ. ಆಟ ಬಿಟ್ಟ ಮೇಲೆ ಬಿಬಿಸಿಯ ವೆಲ್ಶ್ ರೇಡಿಯೋದಲ್ಲಿ ಆ ಭಾಷೆಯಲ್ಲೇ ಮಾತಾಡಿಕೊಂಡು ಬದುಕಿದವರು. ಐಸ್ಟೆದ್‌ವೊಡ್ ಎಂಬ ಅವರ ಸಾಹಿತ್ಯ ಉತ್ಸವದಲ್ಲಿ ದೊಡ್ಡ ಖಡ್ಗ ಹಿಡಿಯುವ ಗೌರವ ಅವರದಾಗಿತ್ತು. ಆ ಖಡ್ಗವನ್ನು ಒರೆಯಿಂದ ಪೂರ್ತಿ ಎಳೆಯುವುದೇ ಇಲ್ಲ. ಸ್ವಲ್ಪ ಎಳೆದು ‘ಶಾಂತಿ ಇದೆಯೇ’ ಎಂದು ಮೂರು ಸಲ ಕೇಳುತ್ತಾರೆ, ಸೇರಿದವರೆಲ್ಲ ‘ಶಾಂತಿ’ ಎಂದು ಕೂಗುತ್ತಾರೆ, ಖಡ್ಗ ಒಳಗೆ ಹೋಗುತ್ತದೆ. ಮೈದಾನದಲ್ಲಿ ಜನರನ್ನು ಕೆಡವುತ್ತಿದ್ದವನ ಕೈಯಲ್ಲಿ ಅಂಥ ಖಡ್ಗ! ಇದನ್ನು ನೀವು ಕಂಸದೊಳಗೆ ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ನಾನಾಗಿದ್ದರೆ ಕಂಸವನ್ನು ಒಡೆದು ಲೇಖನ ಅಲ್ಲಿಂದಲೇ ಶುರು ಮಾಡುತ್ತಿದ್ದೆ. ಆದರೆ ಲೇಖನ ನಿಮ್ಮದು.

ಉಳಿದ ಪುಟಗಳ ಬಗ್ಗೆ, ರಗ್ಬಿ ನಿಯಮಗಳ ಆ ಉದ್ದ ಪಟ್ಟಿಯ ಬಗ್ಗೆ, ಈಗ ಮಾತು ಬೇಡ. ಫೋಟೋಗಳನ್ನು ವಾಪಸ್ ಕಳಿಸುತ್ತಿದ್ದೇನೆ. ಮೊದಲ ಪ್ಯಾರಾದ ಮೇಲೆ ಕೆಂಪು ಗೆರೆ ಜಾಸ್ತಿ ಬಿದ್ದಿದೆ, ಬೇಜಾರು ಮಾಡಿಕೊಳ್ಳಬೇಡಿ.

ಅಜ್ಜ ಗಟ್ಟಿಯಾಗಿದ್ದಾರೆ ತಾನೇ? ಮುಂದಿನ ರಜೆಯಲ್ಲಿ ಅವರ ಮನೆಗೆ ಹೋಗಿ ಬನ್ನಿ. ಅವತ್ತು ಮೂರ್ತಿಯ ಮುಂದೆ ಏನಂದಿರಿ ಎಂದು ಕೇಳಿ. ಉತ್ತರವನ್ನು ಒಂದು ಸಾಲಿನಲ್ಲಿ ಬರೆದು ಕಳಿಸಿ. ಲೇಖನದ ವಿಷಯ ಆಮೇಲೆ ನೋಡೋಣ.

ಇತಿ,
ಸಂಪಾದಕ